ನಕ್ಷತ್ರಗಳ ಲೆಕ್ಕ ಕಲಿಸಿದ ಕೊಲ್ಲಾಪುರದ ಮಾಸ್ತರ

ಆರಗದಿಂದ ಮಿರಜಿಗೆ ಬಂದು ರೈಲು ಹತ್ತಿದರೆ ಕೊಲ್ಲಾಪುರ ಬಹಳ ದೂರವಿಲ್ಲ. ಆ ಊರಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರರ ಹೆಸರು ಈ ಭಾಗದ ಶಾಲೆ ಮಕ್ಕಳಿಗೂ ಗೊತ್ತು. ಅವರ ತಂದೆ ವಿಷ್ಣು ವಾಸುದೇವ ನಾರಳೀಕರರ ಸಾಧನೆ ಮಾತ್ರ ಮಗನ ಕೀರ್ತಿಯ ನೆರಳಿನಲ್ಲಿ ಉಳಿದುಬಿಟ್ಟಿದೆ.

ವಿಷ್ಣು ನಾರಳೀಕರರು ಕೊಲ್ಲಾಪುರದಲ್ಲಿ ಹುಟ್ಟಿದ್ದು 1908ರ ಸೆಪ್ಟೆಂಬರ್ 26ರಂದು. ಮುಂಬಯಿಯಲ್ಲಿ 1928ರಲ್ಲಿ ಬಿ.ಎಸ್ಸಿ. ಮುಗಿಸಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಗಣಿತದ ಕಠಿಣವಾದ ಟ್ರೈಪಾಸ್ ಪರೀಕ್ಷೆಯನ್ನು 1930ರಲ್ಲಿ ಉನ್ನತ ದರ್ಜೆಯಲ್ಲಿ ಪಾಸಾದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಅರೆದು ಕುಡಿದಿದ್ದ ಎಡಿಂಗ್ಟನ್ ಅವರ ಹತ್ತಿರ ಕಲಿಯುವ ಅವಕಾಶವೂ ಸಿಕ್ಕಿತು. ಅಲ್ಲಿಯೇ ನಿಂತಿದ್ದರೆ ಬೇಗ ದೊಡ್ಡ ಹೆಸರು ಬರುತ್ತಿತ್ತೇನೋ. ಆದರೆ ಮದನ ಮೋಹನ ಮಾಳವೀಯರು ಬನಾರಸಕ್ಕೆ ಕರೆದರು. 1932ರಲ್ಲಿ ಸ್ವದೇಶಕ್ಕೆ ಮರಳಿ, ಬನಾರಸ ಹಿಂದೂ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ವಯಸ್ಸು ಇಪ್ಪತ್ನಾಲ್ಕರ ಆಸುಪಾಸು!

ಸಾಪೇಕ್ಷತಾ ಸಿದ್ಧಾಂತ ಆಗ ಯಾರಿಗೂ ಬೇಡವಾದ ವಿಷಯವಾಗಿತ್ತು. ಕಲಿತವರಿಗೆ ನೌಕರಿಯ ಭರವಸೆ ಇರಲಿಲ್ಲ. ಆದರೂ 1942ರಲ್ಲಿ, ಮಹಾಯುದ್ಧದ ನಡುವೆಯೇ, ಗುಜರಾತಿನ ಪಿ.ಸಿ. ವೈದ್ಯ ಎಂಬ ತರುಣ ಹೆಂಡತಿ, ಮಗಳೊಡನೆ ನಾರಳೀಕರರನ್ನು ಹುಡುಕಿಕೊಂಡು ಬನಾರಸಕ್ಕೆ ಬಂದರು. ಕೂಡಿಟ್ಟ ಹಣದಲ್ಲಿ ಅಲ್ಲಿ ಕಳೆದದ್ದು ಹತ್ತು ತಿಂಗಳು ಮಾತ್ರ.

1916ರಲ್ಲಿ ಜರ್ಮನಿಯ ಶ್ವಾರ್ಜ್‌ಶೀಲ್ಡ್ ಕಂಡುಹಿಡಿದ ಸೂತ್ರ ಬೆಳಕನ್ನೇ ಹೊರಸೂಸದ ನಕ್ಷತ್ರಕ್ಕೆ ಹೊಂದುತ್ತಿತ್ತು. ನಿಜವಾದ ನಕ್ಷತ್ರ ಹಾಗಿರುವುದಿಲ್ಲ. ಉರಿಯುವ ದೀಪದ ಎಣ್ಣೆ ಇಳಿದಂತೆ, ಬೆಳಕು ಕೊಡುತ್ತ ಕೊಡುತ್ತ ಅದರ ತೂಕವೂ ಇಳಿಯುತ್ತದೆ. ಹಾಗಾದರೆ ಅದರ ಸುತ್ತಲಿನ ಗುರುತ್ವ ಹೇಗೆ ಬದಲಾಗುತ್ತದೆ? ನಾರಳೀಕರರ ಮಾರ್ಗದರ್ಶನದಲ್ಲಿ ವೈದ್ಯರು ಇದನ್ನು ಬಿಡಿಸಿದರು. 1943ರಲ್ಲಿ ಅದನ್ನು ಪ್ರಕಟಿಸಿದ್ದು ನಮ್ಮ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆ. ಇಪ್ಪತ್ತು ವರ್ಷ ಅದನ್ನು ಕೇಳುವವರೇ ಇರಲಿಲ್ಲ. 1963ರಲ್ಲಿ ಕ್ವೇಸಾರ್‌ಗಳ ರಹಸ್ಯ ಬಯಲಾದ ಮೇಲೆ ಜಗತ್ತಿನ ವಿಜ್ಞಾನಿಗಳಿಗೆ ಅದು ಬೇಕಾಯಿತು. ನಕ್ಷತ್ರ ಕುಸಿದು ಬ್ಲ್ಯಾಕ್ ಹೋಲ್, ಅಂದರೆ ಕಪ್ಪುರಂಧ್ರ ಆಗುವ ಬಗೆಯನ್ನು ಲೆಕ್ಕ ಹಾಕಲು ಇಂದಿಗೂ ವೈದ್ಯರ ಸೂತ್ರವನ್ನು ಬಳಸುತ್ತಾರೆ.

ನಾರಳೀಕರರ ಜೊತೆ ಸಂಶೋಧನೆ ಮಾಡಿದ ಕೆ.ಆರ್. ಕರ್ಮರ್ಕರ್ 1948ರಲ್ಲಿ ಬರೆದ ಸೂತ್ರದ್ದೂ ಇದೇ ಕಥೆ. ನ್ಯೂಟ್ರಾನ್ ನಕ್ಷತ್ರಗಳ ಒಳಗಿನ ಸ್ಥಿತಿ ತಿಳಿಯಲು ಈಗ ಅದನ್ನು ಹಿಡಿದು ಲೆಕ್ಕ ಮಾಡುವವರು ಅನೇಕರು.

1960ರಲ್ಲಿ ಬನಾರಸ ಬಿಟ್ಟ ನಾರಳೀಕರರು ರಾಜಸ್ಥಾನ ಲೋಕಸೇವಾ ಆಯೋಗದ ಅಧ್ಯಕ್ಷರಾದರು. ನಂತರ ಪುಣೆ ವಿಶ್ವವಿದ್ಯಾಲಯದಲ್ಲಿ ಮತ್ತೆ ಪಾಠಕ್ಕೆ ನಿಂತರು. 1991ರ ಏಪ್ರಿಲ್ 1ರಂದು ತೀರಿಕೊಂಡರು.