ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಬ್ರಿಟಿಷ್ ಭೂವಿಜ್ಞಾನಿ ಹಾಗೂ ಪುರಾತತ್ತ್ವಜ್ಞ. ಇವರನ್ನು ಭಾರತೀಯ ಪ್ರಾಗೈತಿಹಾಸಿಕ ಅಧ್ಯಯನದ ಪಿತಾಮಹರೆಂದು ಪರಿಗಣಿಸಲಾಗಿದೆ. ಬೆಳಗಾವಿ ಜಿಲ್ಲೆಯಲ್ಲಿ ದೊರೆತ, ಅಳಿದುಹೋದ ಘೇಂಡಾಮೃಗವೊಂದರ ಪಳೆಯುಳಿಕೆಗಳನ್ನು ಮೊದಲು ವರ್ಣಿಸಿದವರೂ ಇವರೇ.

ಜೀವನ ಮತ್ತು ವೃತ್ತಿ

ಫೂಟ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿ, ದಕ್ಷಿಣ ಭಾರತದ ಶಿಲಾರಚನೆಗಳ ಸಮೀಕ್ಷೆಗೆ ನಿಯೋಜಿತರಾದರು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಉಪಕರಣವೊಂದನ್ನು ಗುರುತಿಸಿದರು. ಬಂಡೆಗಳ ಸಮೀಕ್ಷೆ ಅವರ ಹುದ್ದೆಯ ಕೆಲಸವಾಗಿತ್ತು; ಪ್ರಾಚೀನ ಮಾನವನ ಕುರುಹುಗಳ ಸಂಗ್ರಹವು ಅದರ ಜೊತೆಗೆ ಜೀವನದುದ್ದಕ್ಕೂ ನಡೆದ ಸ್ವಂತ ಹವ್ಯಾಸವಾಗಿತ್ತು.

ಮಲಪ್ರಭಾ ಮತ್ತು ಘಟಪ್ರಭಾ ಕಣಿವೆಗಳು

ಇಂದಿನ ಬೆಳಗಾವಿ, ಧಾರವಾಡ ಮತ್ತು ಬಾಗಲಕೋಟೆ ಜಿಲ್ಲೆಗಳ ಪ್ರದೇಶವನ್ನು ಒಳಗೊಂಡ ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಫೂಟ್ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ಸವದತ್ತಿ, ರಾಮದುರ್ಗ ಮತ್ತು ಗೋಕಾಕದ ಬೆಟ್ಟಗಳಲ್ಲಿ ಕಾಣುವ ಬೆಣಚುಶಿಲೆಯ ಸ್ತರಗಳು ಅವರು ವರ್ಣಿಸಿದ ಕಲಾದಗಿ ಶ್ರೇಣಿಗೆ ಸೇರಿವೆ. ಇದೇ ಬಗೆಯ ಶಿಲೆಯಿಂದ ಮಾಡಿದ ಕೈಗೊಡಲಿಗಳನ್ನು ಅವರು ಈ ಕಣಿವೆಗಳ ಜಲ್ಲಿಪದರಗಳಲ್ಲಿ ಕಂಡರು.

ಸವದತ್ತಿಯ ಉತ್ತರಕ್ಕಿರುವ ಗೋಕಾಕ ತಾಲ್ಲೂಕಿನಲ್ಲಿ, ಚಿಕ್‌ದೌಲಿ ಎಂದು ಅವರು ದಾಖಲಿಸಿದ ಹಳ್ಳಿಯ ಬಳಿ, ಘೇಂಡಾಮೃಗದ ದವಡೆ ಹಾಗೂ ಹಲ್ಲುಗಳು ದೊರೆತವು. ಅದನ್ನು ಹೊಸ ಪ್ರಭೇದವೆಂದು ನಿರ್ಣಯಿಸಿ, 1874ರಲ್ಲಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಸಿದರು. ಇಂದು ಎರೆಮಣ್ಣಿನ ಒಣ ಬೇಸಾಯಕ್ಕೆ ಹೆಸರಾದ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಅಂತಹ ಬೃಹತ್ ಪ್ರಾಣಿಗೆ ಸಾಕಾಗುವಷ್ಟು ನೀರು ಮತ್ತು ಮೇವು ಇತ್ತೆಂಬುದಕ್ಕೆ ಈ ಮೂಳೆಗಳು ಸಾಕ್ಷಿಯಾಗಿವೆ.

ಮೂಳೆಗಳ ಶುದ್ಧೀಕರಣ

ಜೇಡಿಮಣ್ಣಿನಿಂದ ತೆಗೆದ ಪಳೆಯುಳಿಕೆ ಮೂಳೆ ಬೇಗನೆ ಒಣಗಿದರೆ ಬಿರಿದು ಚೂರಾಗುತ್ತದೆ. ಆದ್ದರಿಂದ ಅದನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಅಂಟಿದ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿ, ತುಂಡುಗಳನ್ನು ಅಂಟಿನಿಂದ ಜೋಡಿಸಬೇಕಾಗುತ್ತದೆ. ಘೇಂಡಾಮೃಗದ ಪ್ರಭೇದಗಳನ್ನು ಮುಖ್ಯವಾಗಿ ಹಲ್ಲಿನ ದಂತಕವಚದ ಮಡಿಕೆಗಳಿಂದ ಗುರುತಿಸುವುದರಿಂದ, ಶುದ್ಧೀಕರಣದಲ್ಲಿ ಹಲ್ಲು ಹಾಳಾದರೆ ನಿರ್ಣಯವೇ ಅಸಾಧ್ಯವಾಗುತ್ತದೆ. ಮೂಳೆ ಸಿಕ್ಕ ಸ್ಥಳ ಹಾಗೂ ಮಣ್ಣಿನ ಪದರವನ್ನು ದಾಖಲಿಸದಿದ್ದರೆ ಅದರ ಕಾಲವನ್ನು ತಿಳಿಯುವ ದಾರಿಯೂ ಮುಚ್ಚುತ್ತದೆ.

ಕರ್ನೂಲಿನ ಗುಹೆಗಳು

1884–85ರಲ್ಲಿ ಫೂಟ್ ಮತ್ತು ಅವರ ಮಗ ಹೆನ್ರಿ, ಕರ್ನೂಲು ಜಿಲ್ಲೆಯ ಬೇತಂಚೆರ್ಲ ಸಮೀಪದ ಬಿಲ್ಲಸುರ್ಗಂ ಗುಹೆಗಳಲ್ಲಿ ಉತ್ಖನನ ನಡೆಸಿದರು. ಅಲ್ಲಿ ದೊರೆತ ಪ್ರಾಣಿಗಳ ಮೂಳೆಗಳನ್ನು ರಿಚರ್ಡ್ ಲಿಡೆಕ್ಕರ್ ಅಧ್ಯಯನ ಮಾಡಿ 1886ರಲ್ಲಿ ವರ್ಣಿಸಿದರು. ಕೆಲವು ಮೂಳೆಗಳನ್ನು ಮನುಷ್ಯರು ಉಪಕರಣಗಳಾಗಿ ರೂಪಿಸಿದ್ದರೆಂಬ ಫೂಟ್ ಅವರ ಅಭಿಪ್ರಾಯ ಬಹುಕಾಲ ಚರ್ಚೆಗೆ ಒಳಗಾಯಿತು. 1970ರ ದಶಕದಲ್ಲಿ ಕರ್ನೂಲಿನ ಗುಹೆಗಳಲ್ಲಿ ನಡೆದ ಹೊಸ ಉತ್ಖನನಗಳಲ್ಲಿಯೂ ಮೂಳೆಯ ಉಪಕರಣಗಳು ದೊರೆತ ಬಳಿಕ ಆ ಅಭಿಪ್ರಾಯಕ್ಕೆ ಮತ್ತೆ ಮಹತ್ವ ಬಂದಿತು.

ಕೊನೆಯ ವರ್ಷಗಳು ಮತ್ತು ಸಂಗ್ರಹ

1891ರಲ್ಲಿ ನಿವೃತ್ತರಾದ ಫೂಟ್, ಬಳಿಕ ಬರೋಡಾ ಮತ್ತು ಮೈಸೂರು ಸಂಸ್ಥಾನಗಳಿಗಾಗಿ ಕೆಲಸ ಮಾಡಿದರು. 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದರು. ಮುಂದೆ ಸೇಲಂ ಸಮೀಪದ ಏರ್ಕಾಡಿನಲ್ಲಿ ನೆಲೆಸಿದರು. ಅವರ ಪ್ರಾಗೈತಿಹಾಸಿಕ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯ ಪಡೆದುಕೊಂಡಿತು. ಪ್ರತಿ ವಸ್ತು ದೊರೆತ ಸ್ಥಳವನ್ನು ನಮೂದಿಸಿ ಅವರು ಸಿದ್ಧಪಡಿಸಿದ ಸೂಚಿಯು ಅವರ ಮರಣಾನಂತರ 1914 ಮತ್ತು 1916ರಲ್ಲಿ ಪ್ರಕಟವಾಯಿತು. ಈ ನಮೂದುಗಳಿಂದಾಗಿ ಮುಂದಿನ ತಲೆಮಾರಿನ ಸಂಶೋಧಕರು ಆ ನೆಲೆಗಳನ್ನು ಮತ್ತೆ ಹುಡುಕಿ ಪರಿಶೀಲಿಸಲು ಸಾಧ್ಯವಾಯಿತು.