ಮೋಕಾ ಬಂದರಿನಿಂದ ಬಿಜಾಪುರಕ್ಕೆ: ಮಲಿಕ್ ಅಂಬರ್

ಸಂಘದ ವಾರ್ಷಿಕೋತ್ಸವದ ಸಂಚಿಕೆಯೆಂದರೆ ದಾಸರನ್ನೋ ವಿಶ್ವೇಶ್ವರಯ್ಯನವರನ್ನೋ ನೆನೆಯುವುದು ವಾಡಿಕೆ. ಈ ಸಲ ಕಡಲು ದಾಟಿ ನಮ್ಮ ಕಡೆಗೆ ದುಡಿಯಲು ಹೋದ ಒಬ್ಬನ ಕಥೆ ಹೇಳೋಣವೆನಿಸಿತು. ನಾವು ಒಮಾನಿಗೆ ಬಂದದ್ದು ವೀಸಾ ಹಿಡಿದು, ಸಂಬಳ ಮಾತಾಡಿಕೊಂಡು. ಆತ ಇದೇ ಸಮುದ್ರವನ್ನು ಎದುರು ದಿಕ್ಕಿಗೆ ದಾಟಿದ್ದು ಸರಕಾಗಿ.

ಬರ್ಕಾದಲ್ಲಿ ನಮ್ಮಲ್ಲಿಗೆ ಔಷಧಿಗೆ ಬರುವ ಕೆಲವು ಅಜ್ಜಿಯರಿಗೆ ಅರಬ್ಬಿಗಿಂತ ಸ್ವಾಹಿಲಿಯೇ ಸಲೀಸು. ಈ ಕರಾವಳಿಗೂ ಆಫ್ರಿಕಕ್ಕೂ ಅಷ್ಟು ಹಳೆಯ ನಂಟು! ಗಾಳಿಯ ಋತು ನೋಡಿ ಓಡಾಡುತ್ತಿದ್ದ ಹಡಗುಗಳಲ್ಲಿ ಖರ್ಜೂರ, ದಂತಗಳೊಡನೆ ಮನುಷ್ಯರೂ ಇರುತ್ತಿದ್ದರು. ಹಗ್ಗ ಎಳೆದವರಲ್ಲಿ, ಸರಕು ಹೊತ್ತವರಲ್ಲಿ, ಮಾರಾಟಕ್ಕೆ ಕುಳಿತವರಲ್ಲಿ ಕಪ್ಪು ಜನರು ಬಹಳ.

ಅಂಥ ಒಬ್ಬ ಹುಡುಗ ಚಾಪು. ಹುಟ್ಟಿದ್ದು ಇಥಿಯೋಪಿಯದಲ್ಲಿ, 1548ರ ಸುಮಾರಿಗೆ. ಕೈಯಿಂದ ಕೈಗೆ ಮಾರಾಟವಾಗಿ, ಕೆಂಪು ಸಮುದ್ರದ ಮೋಕಾ ಬಂದರನ್ನು ಹಾದು ಬಾಗ್ದಾದ್ ಸೇರಿದ. ಅಲ್ಲಿ ಮೀರ್ ಖಾಸಿಂ ಎಂಬ ಯಜಮಾನ ಅವನಿಗೆ ಓದುಬರಹ ಕಲಿಸಿ ಅಂಬರ್ ಎಂದು ಹೆಸರಿಟ್ಟ. ಅಂಬರ್ ಎಂದರೆ ಕಡಲಲ್ಲಿ ತೇಲಿಬರುವ ಸುಗಂಧದ್ರವ್ಯ. ಇಲ್ಲಿನ ಬೆಸ್ತರಿಗೆ ಇಂದಿಗೂ ಅದು ಸಿಕ್ಕರೆ ಅದೃಷ್ಟ ಖುಲಾಯಿಸಿದಂತೆ. ಗುಲಾಮರಿಗೆ ಬೆಲೆಬಾಳುವ ವಸ್ತುಗಳ ಹೆಸರಿಡುವುದು ಆಗಿನ ಪದ್ಧತಿ.

1570ರ ದಶಕದ ಮೊದಲಲ್ಲಿ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್ ಅವನನ್ನು ಕೊಂಡ. ವಿಚಿತ್ರವೆಂದರೆ ಆ ಪೇಶ್ವೆಯೂ ಗುಲಾಮನಾಗಿ ಬಂದ ಹಬಶಿಯೇ. ಆತ ಸತ್ತ ಮೇಲೆ ವಿಧವೆ ಅಂಬರನಿಗೆ ಬಿಡುಗಡೆ ಕೊಟ್ಟಳು. ಮುಂದೆ ಬಿಜಾಪುರದ ಅನ್ನ. ಆದಿಲಶಾಹಿಗಳ ದಂಡಿನಲ್ಲಿ ದುಡಿದು, ಮಲಿಕ್ ಎಂಬ ಬಿರುದನ್ನೂ ಅಲ್ಲಿಂದಲೇ ಪಡೆದ. 1595ರ ಹೊತ್ತಿಗೆ ತನ್ನ ಸವಾರರೊಡನೆ ಮತ್ತೆ ಅಹಮದ್‌ನಗರಕ್ಕೆ ಹೋದ.

1600ರಲ್ಲಿ ಅಹಮದ್‌ನಗರದ ಕೋಟೆ ಮೊಗಲರ ಪಾಲಾಯಿತು. ಅಂಬರ್ ಸುಮ್ಮನಿರಲಿಲ್ಲ. ರಾಜವಂಶದ ಹುಡುಗನೊಬ್ಬನನ್ನು ಪಟ್ಟಕ್ಕೇರಿಸಿ, ಮಗಳನ್ನೂ ಕೊಟ್ಟು, ತಾನೇ ಆಳತೊಡಗಿದ. ನೇರವಾಗಿ ನಿಂತು ಕಾದುವುದಕ್ಕಿಂತ ಶತ್ರುವಿನ ದವಸ ತಡೆದು ಹಣ್ಣುಮಾಡುವುದು ಅವನ ಯುದ್ಧಕ್ರಮ. ಜಹಾಂಗೀರ್ ಬಾದಶಹನಿಗೆ ಎಷ್ಟು ಕೋಪವೆಂದರೆ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿದ. ಆಗ ಅಂಬರ್ ಗಟ್ಟಿಮುಟ್ಟಾಗಿ ಬದುಕಿದ್ದ!

ವೈದ್ಯರಾದ ನಮಗೆ ಯುದ್ಧಕ್ಕಿಂತ ಹೆಚ್ಚು ಮೆಚ್ಚಿಗೆಯಾಗುವುದು ಅವನ ನೀರಿನ ಕೆಲಸ. 1610ರ ಸುಮಾರಿಗೆ ಖಡ್ಕಿ ಎಂಬ ಊರು ಕಟ್ಟಿದ. ಅದೇ ಮುಂದೆ ಔರಂಗಾಬಾದ್, 2023ರಿಂದ ಛತ್ರಪತಿ ಸಂಭಾಜಿನಗರ. ದೂರದ ಅಂತರ್ಜಲವನ್ನು ನೆಲದಡಿಯ ಕಾಲುವೆಯಲ್ಲಿ ಊರಿಗೆ ಹರಿಸಿದ. ನಹರ್-ಎ-ಅಂಬರಿ ಎಂಬ ಅದರ ಉಪಾಯ ನಮ್ಮ ಒಮಾನಿನ ಫಲಜ್‌ಗಳದ್ದೇ. ಬಾಗ್ದಾದಿನ ದಿನಗಳಲ್ಲಿ ಇಂಥದ್ದನ್ನು ಕಂಡಿದ್ದನೇನೋ ಎಂಬುದು ನಮ್ಮ ಊಹೆ.

1624ರಲ್ಲಿ ಭಾತವಡಿಯಲ್ಲಿ ಮೊಗಲರ ಮತ್ತು ಬಿಜಾಪುರದ ಕೂಡುದಂಡನ್ನು ಸೋಲಿಸಿದ. ಅವನ ಪಕ್ಷದಲ್ಲಿ ಹೋರಾಡಿದ ಷಹಾಜಿ ಭೋಸಲೆಯ ಸಮಾಧಿ ಇರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಆ ಗೆಲುವಿನ ಬೆನ್ನಿಗೇ ಅಂಬರ್ ಬಿಜಾಪುರದತ್ತ ನುಗ್ಗಿ, ಎರಡನೆಯ ಇಬ್ರಾಹಿಂ ಆದಿಲಶಹ ಆಸೆಪಟ್ಟು ಕಟ್ಟಿಸಿದ್ದ ನೌರಸಪುರವನ್ನು ಹಾಳುಗೆಡವಿದ. ಉಂಡ ಮನೆಗೆ ಬಗೆದ ಈ ಎರಡನ್ನು ನಾವು ಸಮರ್ಥಿಸಲಾರೆವು. ಮಾರಾಟದ ನೋವು ಬಲ್ಲ ಈತ ತನ್ನ ದಂಡಿಗೆ ಹಬಶಿ ಗುಲಾಮರನ್ನು ಸೇರಿಸಿಕೊಂಡದ್ದೂ ನಿಜ.

1626ರಲ್ಲಿ ತೀರಿಕೊಂಡ, ಗೋರಿ ಖುಲ್ದಾಬಾದಿನಲ್ಲಿದೆ. ಅಧಿಕಾರ ಹತ್ತಿದವರು ಕೆಲವರು. ಪೋರ್ತುಗೀಸರು ಗೋವೆಗೆ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ನಮ್ಮ ಸಿದ್ದಿಗಳು. ಕೊಂಕಣಿ, ಕನ್ನಡ ಆಡುವ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ರಜೆಗೆ ಹೋದಾಗ ಮಕ್ಕಳಿಗೆ ಗೋಳಗುಮ್ಮಟ ತೋರಿಸುವವರು ತೊರವಿಯ ಬಳಿಯ ನೌರಸಪುರದ ಮುರುಕು ಗೋಡೆಗಳನ್ನೂ ನೋಡಿಬರಬಹುದು.