ಮೊಳೆ ಬದಲಿಸಿದರೆ ತಾಳ ಬದಲು: ಅಲ್ ಜಝರಿ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಎರಡು ದಿನಗಳ ರೋಬೋಟ್ ತರಬೇತಿ ನಡೆಯಿತು. ಸೇರಿದವರೆಲ್ಲ ವಿಜ್ಞಾನ ವಿಭಾಗದವರು, ಕಾಮರ್ಸ್‌ನಿಂದ ನಾನೊಬ್ಬಳೇ. ಕಪ್ಪು ಗೆರೆ ಕಂಡ ಕೂಡಲೇ ನಿಲ್ಲಬೇಕಾದ ನನ್ನ ಪುಟ್ಟ ಗಾಡಿ ನಿಲ್ಲಲೇ ಇಲ್ಲ. ಗಾಬರಿಯಲ್ಲಿ ಪ್ರೋಗ್ರಾಂನ ನಾಲ್ಕೈದು ಸಾಲು ಒಟ್ಟಿಗೆ ಬದಲಿಸಿದೆ. ಆಮೇಲೆ ಅದು ಹೊರಡಲೂ ಇಲ್ಲ. ನಾಳೆ ಹೋಗುವುದೇ ಬೇಡ ಎಂದುಕೊಂಡು ಮನೆಗೆ ಬಂದೆ. ಆ ರಾತ್ರಿ, ಸರ್ ಕೊಟ್ಟಿದ್ದ ಪುಸ್ತಕದಲ್ಲಿ ಅಲ್ ಜಝರಿಯವರ ಬಗ್ಗೆ ಓದಿದೆ.

ಇಸ್ಮಾಯಿಲ್ ಅಲ್ ಜಝರಿ 12ನೇ ಶತಮಾನದವರು. ಟೈಗ್ರಿಸ್, ಯೂಫ್ರಟಿಸ್ ನದಿಗಳ ನಡುವಿನ ಜಝೀರಾ ಪ್ರದೇಶದಿಂದ ಅವರಿಗೆ ಆ ಹೆಸರು. ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಖಿದ್ ದೊರೆಗಳ ಆಸ್ಥಾನದಲ್ಲಿ ಸುಮಾರು 25 ವರ್ಷ ಯಂತ್ರಗಳನ್ನು ಮಾಡಿದರು. ಅವನ್ನು ಬರೆದಿಡುವಂತೆ ದೊರೆ ನಾಸಿರುದ್ದೀನ್ ಮಹಮೂದ್ ಹೇಳಿದ. 1206ರಲ್ಲಿ ಅವರ ಅರಬ್ಬಿ ಗ್ರಂಥ ಮುಗಿಯಿತು. ಅದರಲ್ಲಿ 50 ಯಂತ್ರಗಳ ವಿವರಣೆ, ಚಿತ್ರಗಳಿವೆ: ಆನೆಯ ಮೇಲಿನ ಗಡಿಯಾರ, ನೀರೆತ್ತುವ ಯಂತ್ರಗಳು, ವುಝೂಗೆ ನೀರು ಸುರಿಯುವ ಬೊಂಬೆ.

ನನಗೆ ಬಹಳ ಹಿಡಿಸಿದ್ದು ಅವರ ದೋಣಿ. ಅದರಲ್ಲಿ ನಾಲ್ಕು ವಾದ್ಯಗಾರರ ಬೊಂಬೆಗಳಿವೆ. ಒಳಗೆ ನೀರು ಬಿದ್ದಾಗ ಚಕ್ರ ತಿರುಗುತ್ತದೆ, ಅದರ ದಂಡಕ್ಕೆ ಹೊಡೆದ ಮೊಳೆಗಳು ಸಣ್ಣ ಸನ್ನೆಗಳನ್ನು ಒತ್ತುತ್ತವೆ, ಬೊಂಬೆಯ ಕೈ ವಾದ್ಯ ಬಾರಿಸುತ್ತದೆ. ಮೊಳೆಗಳ ಜಾಗ ಬದಲಿಸಿದರೆ ತಾಳವೂ ಬದಲಾಗುತ್ತದೆ. ಅದಕ್ಕೇ ಇಂದಿನ ಕೆಲವು ವಿದ್ವಾಂಸರು ಇದನ್ನು ಪ್ರೋಗ್ರಾಂ ಮಾಡಬಹುದಾದ ಯಂತ್ರ ಎನ್ನುತ್ತಾರೆ. ಅಂದರೆ ಮೊಳೆಗಳ ಸಾಲೇ ಪ್ರೋಗ್ರಾಂ.

ಅಲ್ ಜಝರಿ ಹಿಂದಿನವರ ಪುಸ್ತಕಗಳನ್ನು ಗೌರವದಿಂದ ಓದಿದರು, ಆದರೆ ಮಾಡಿ ನೋಡದೆ ನಂಬಲಿಲ್ಲ. ನೀರಿನ ಗಡಿಯಾರದಲ್ಲಿ ಹರಿವನ್ನು ಅಳೆದು ಬಿಡುವ ಹಳೆಯ ಭಾಗವೊಂದನ್ನು ಪರೀಕ್ಷಿಸಿದಾಗ ಲೆಕ್ಕ ತಾಳೆಯಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಿ ಹೊಸದನ್ನು ಮಾಡಿದರು. ನೀರು ಬೀಳುವ ರಂಧ್ರವನ್ನು ಸ್ವಲ್ಪ ಸ್ವಲ್ಪವೇ ಸರಿಮಾಡಿ, ಪ್ರತಿ ಸಲ ನೀರು ಅಳೆದು ನೋಡುತ್ತಿದ್ದರು.

ಇದು ನಮ್ಮ ಟ್ರಯಲ್ ಬ್ಯಾಲೆನ್ಸ್‌ನಂತೆಯೇ ಅಲ್ಲವೇ ಅನ್ನಿಸಿತು. ಮೊತ್ತ ಕೂಡದಿದ್ದರೆ ಯಾರೂ ಇಡೀ ಲೆಡ್ಜರ್ ಹರಿದು ಹಾಕುವುದಿಲ್ಲ, ಒಂದೊಂದೇ ನಮೂದು ನೋಡುತ್ತಾ ಬರುತ್ತೇವೆ. ಮರುದಿನ ಹೋದೆ. ಹಳೆಯ ಪ್ರೋಗ್ರಾಂ ಮತ್ತೆ ಹಾಕಿ, ಒಂದು ಸಲಕ್ಕೆ ಒಂದೇ ಸಾಲು ಪರೀಕ್ಷಿಸಿದೆ. ಮೊದಲು ಮೋಟಾರ್, ಆಮೇಲೆ ಸೆನ್ಸರ್ ಕೊಡುವ ಅಂಕಿ. ಎರಡೂ ಸರಿಯಿದ್ದವು. ಕೊನೆಗೆ ಸಿಕ್ಕಿತು: 'ಹೆಚ್ಚು' ಎಂಬ ಚಿಹ್ನೆ ಇರಬೇಕಾದಲ್ಲಿ 'ಕಡಿಮೆ' ಹಾಕಿದ್ದೆ. ತಿದ್ದಿದ ಮೇಲೆ ಗಾಡಿ ಗೆರೆಯ ಮೇಲೆ ನಿಂತಿತು.

ನಮ್ಮ ಅಬ್ಬು ಮೋಟಾರ್ ರಿವೈಂಡಿಂಗ್ ಮಾಡುತ್ತಾರೆ. ಏಳನೆಯ ತರಗತಿಗೇ ಶಾಲೆ ಬಿಟ್ಟವರು, ಪುಸ್ತಕಗಳೆಲ್ಲ ನಿಮಗೆ ಎಂದು ದೂರ ಇರುತ್ತಾರೆ. ಅವರಿಗೆ ಆ ದೋಣಿಯ ಚಿತ್ರ ತೋರಿಸಿದೆ. ನನಗೆ ಅರ್ಧ ಗಂಟೆ ಹಿಡಿದದ್ದು ಅವರಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಯಾವ ಮೊಳೆ ಯಾವ ಕೈಯನ್ನು ಎತ್ತುತ್ತದೆ ಎಂದು ಬೆರಳಿಟ್ಟು ನನಗೇ ಹೇಳಿಕೊಟ್ಟರು. ಅಲ್ ಜಝರಿ ಬರೆದದ್ದು ಇಂಥ ಕೈಗಳಿಗಾಗಿ ಎಂದು ಆಗ ತಿಳಿಯಿತು. ಈಗ ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಅಬ್ಬುಗೆ ಆ ಪುಸ್ತಕವನ್ನು ಉರ್ದುವಿನಲ್ಲಿ ವಿವರಿಸಿ ಓದುತ್ತಿದ್ದೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ